ಕೂಬಿದೆ ತರಿಸಲೋ, ಘೋರ್ಮೆ ಸಬ್ಜಿ ತರಿಸಲೋ?

ಪರ್ಷಿಯನ್ ಹೋಟೆಲಿಗೆ ಮೊದಲ ಸಲ ಹೋಗ್ತಿದ್ದೀರಿ, ಅಲ್ವಾ? ಕೂಬಿದೆ ಅಂದರೆ ಈರುಳ್ಳಿ ಬೆರೆಸಿದ ಕೈಮಾವನ್ನು ಅಗಲದ ಕಂಬಿಗೆ ಮೆತ್ತಿ, ಕೆಂಡದ ಮೇಲೆ ಸುಡುವ ಕಬಾಬ್. ಬಿಸಿಬಿಸಿ ತಿನ್ನಬೇಕು, ಪಾರ್ಸೆಲ್ ಮಾಡಿಸಿದರೆ ಒಣಗುತ್ತದೆ. ಹೋಟೆಲಿಗೆ ನಾಲ್ಕು ಶಾಖೆ ಇದ್ದರೆ ಕಬಾಬ್ ನಾಲ್ಕು ಥರ ಬರಬಹುದು. ಎಲ್ಲ ಸುಡುವವರ ಕೈಯಲ್ಲಿದೆ.

ಘೋರ್ಮೆ ಸಬ್ಜಿ ಹಾಗಲ್ಲ. ಪಾರ್ಸ್ಲಿ, ಮೆಂತ್ಯ ಸೊಪ್ಪು ಹುರಿದು, ಮಾಂಸ, ರಾಜ್ಮಾ, ಒಣಗಿದ ನಿಂಬೆಹಣ್ಣು ಹಾಕಿ ಗಂಟೆಗಟ್ಟಲೆ ಬೇಯಿಸಿದ ಗಟ್ಟಿ ಸಾರು. ಮನೆಗೆ ಒಯ್ದು ಮರುದಿನ ಬಿಸಿ ಮಾಡಿದರೆ ರುಚಿ ಇನ್ನೂ ಜಾಸ್ತಿ. ಆದರೆ ಕಡುಹಸಿರು ಬಣ್ಣ, ಹುಳಿ, ಚೂರು ಕಹಿ. ಮಕ್ಕಳು ಮುಖ ಸಿಂಡರಿಸಬಹುದು, ಅವರಿಗೆ ಕಬಾಬೇ ಸರಿ. ಖಾರ ಮಾತ್ರ ಎರಡರಲ್ಲೂ ಹುಡುಕಬೇಡಿ. ಇಬ್ಬರಿದ್ದರೆ ಒಂದೊಂದು ತರಿಸಿ ಹಂಚಿಕೊಳ್ಳಿ.