ಸುಟ್ಟ ಗ್ರಾಫಿಕ್ಸ್ ಕಾರ್ಡ್: ಸರ್ವಿಸ್ ಸೆಂಟರ್, ಎಸ್‌ಪಿ ರೋಡ್, ಅವನ್ – ಯಾವುದು ಕೆಲಸಕ್ಕೆ ಬಂತು?

ಕಂಪ್ಯೂಟರಿನಲ್ಲಿ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಸುಟ್ಟುಹೋಯ್ತು ಅಂದ ಕೂಡಲೇ "ಬಿಸಾಕು, ಹೊಸದು ತಗೋ" ಅನ್ನುವವರೇ ಜಾಸ್ತಿ. ಸುಟ್ಟಿದ್ದು ಏನು ಅಂತ ಕೇಳುವವರು ಕಡಿಮೆ. ರಿಪೇರಿ ಆಗುತ್ತಾ ಇಲ್ವಾ ಅನ್ನುವುದು ನಿಂತಿರುವುದೇ ಅದರ ಮೇಲೆ. ನನ್ನ ಕಾರ್ಡು, ಗೆಳೆಯನ ಕಾರ್ಡು, ತಮ್ಮನ ಹಳೇ ಕಾರ್ಡು, ಮೂರನ್ನೂ ಬೇರೆ ಬೇರೆ ದಾರಿಯಲ್ಲಿ ಓಡಾಡಿಸಿ ನೋಡಿದ್ದೇನೆ.

ವಾರಂಟಿ ಇದ್ದರೆ ಬೇರೆ ಮಾತೇ ಇಲ್ಲ, ಮೊದಲು ಸರ್ವಿಸ್ ಸೆಂಟರ್. ಬಹಳಷ್ಟು ಕಾರ್ಡುಗಳಿಗೆ 3 ವರ್ಷ ಇರುತ್ತದೆ. ಅಲ್ಲಿಯವರೆಗೆ ಒಂದು ಸ್ಕ್ರೂ ಕೂಡ ಬಿಚ್ಚಬೇಡಿ. ನನ್ನದರ ವಾರಂಟಿ ಮುಗಿದಿತ್ತು, ದುಡ್ಡು ಕೊಟ್ಟೇ ಮಾಡಿಸೋಣ ಅಂತ ಹೋದೆ. ಕೌಂಟರಿನ ಹುಡುಗ ಬೋರ್ಡ್ ಮೇಲಿನ ಕಪ್ಪು ಕಲೆ ನೋಡಿದವನೇ "ಸರ್, ಬರ್ನ್ ಆಗಿದೆ, ತಗೊಳ್ಳಲ್ಲ" ಅಂದ. ಮೀಟರ್ ಕೂಡ ಹಚ್ಚಲಿಲ್ಲ. ಅಲ್ಲಿ ಮಾಡುವುದು ಬದಲಿ ಕೊಡುವ ಕೆಲಸ ಮಾತ್ರ, ಬೋರ್ಡ್ ರಿಪೇರಿ ಇಲ್ಲವೇ ಇಲ್ಲ. ಪರೀಕ್ಷೆ ಮಾಡದೆಯೇ ಕೈಬಿಟ್ಟರಲ್ಲ ಅಂತ ತುಂಬಾ ಬೇಜಾರಾಯಿತು.

ಆಮೇಲೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್‌ಪಿ ರೋಡ್. ಚಿಪ್ ಲೆವೆಲ್ ಕೆಲಸ (ಬೋರ್ಡ್ ಮೇಲಿನ ಕೆಟ್ಟ ಬಿಡಿಭಾಗವನ್ನಷ್ಟೇ ಹುಡುಕಿ ಬದಲಾಯಿಸುವುದು) ಮಾಡುವ ಒಂದು ಸಣ್ಣ ಅಂಗಡಿ. ಕೂತಿದ್ದವರು ಕಾರ್ಡ್ ಆನ್ ಮಾಡುವ ಗೋಜಿಗೇ ಹೋಗಲಿಲ್ಲ. ಚಿಪ್ ತಣ್ಣಗಿಡುವ ಹೀಟ್‌ಸಿಂಕ್ ಬಿಚ್ಚಿ ಮೀಟರ್ ಹಿಡಿದರು. ಕಾರ್ಡಿಗೆ ಕರೆಂಟ್ ಬರುವ 8 ಪಿನ್ ಕನೆಕ್ಟರ್ ಪಕ್ಕದ ಫ್ಯೂಸ್ ಹೋಗಿತ್ತು. ಫ್ಯೂಸ್ ಆಚೆಯ 12 ವೋಲ್ಟ್ ಲೈನಿಗೂ ಗ್ರೌಂಡಿಗೂ ಮೀಟರಿನ ಮುಳ್ಳು ಇಟ್ಟರೆ ಕುಯ್ ಅಂತ ಒಂದೇ ಸಮ ಕೂಗಿತು. ಶಾರ್ಟ್, ಅಂದರೆ ತಾಗಬಾರದ ಎರಡು ಲೈನ್ ತಾಗಿವೆ. ಆ ಲೈನಿನಲ್ಲಿ ಅಕ್ಕಿ ಕಾಳಿನಷ್ಟು ಕೆಪಾಸಿಟರ್‌ಗಳು ಸಾಲಾಗಿ ಕೂತಿರುತ್ತವೆ. ಕೆಟ್ಟಿದ್ದು ಯಾವುದು? ಬೋರ್ಡ್ ಮೇಲೆ ಐಪಿಎ (ಬೇಗ ಆರುವ ಐಸೊಪ್ರೊಪೈಲ್ ಆಲ್ಕೋಹಾಲ್) ಸುರಿದರು, ಬೇಕಾದಷ್ಟೇ ವೋಲ್ಟ್ ಕೊಡುವ ಬೆಂಚ್ ಸಪ್ಲೈಯಿಂದ ಆ ಲೈನಿಗೆ ಬರೀ 1 ವೋಲ್ಟ್ ಬಿಟ್ಟರು. ಎಲ್ಲ ಕಡೆ ಒದ್ದೆ ಇರುವಾಗಲೇ ಒಂದು ಕೆಪಾಸಿಟರ್ ಮೇಲೆ ಮಾತ್ರ ಐಪಿಎ ಫಟ್ ಅಂತ ಆರಿತು. ಅದೇ ಬಿಸಿಯಾಗುತ್ತಿತ್ತು. ಹಾಟ್ ಏರಿನಲ್ಲಿ (ಬಿಸಿಗಾಳಿ ಊದಿ ಬೆಸುಗೆ ಕರಗಿಸುವ ಯಂತ್ರ) ಅದನ್ನು ಎತ್ತಿದ ಮೇಲೆ ಮೀಟರ್ ಸುಮ್ಮನಾಯಿತು. ಹೊಸ ಕೆಪಾಸಿಟರ್, ಹೊಸ ಫ್ಯೂಸ್ ಹಾಕಿದರು, ಡಿಸ್‌ಪ್ಲೇ ಬಂತು. ಖರ್ಚು ಹೊಸ ಕಾರ್ಡಿನ ಬೆಲೆಯ ಸಣ್ಣ ಪಾಲು. ಇವತ್ತಿಗೂ ಅದರಲ್ಲೇ ಕೆಲಸ ಮಾಡುತ್ತಿದ್ದೇನೆ.

ಗೆಳೆಯನ ಕಾರ್ಡನ್ನೂ ಖುಷಿಯಿಂದ ಅದೇ ಅಂಗಡಿಗೆ ಒಯ್ದೆವು. ಅದು ಆಗಲಿಲ್ಲ. ಕಾರ್ಡಿಗೆ ಬರುವುದು 12 ವೋಲ್ಟ್, ಮುಖ್ಯ ಚಿಪ್ಪಿಗೆ ಬೇಕಾಗುವುದು ಹೆಚ್ಚುಕಮ್ಮಿ 1 ವೋಲ್ಟ್. ನಡುವೆ ಅದನ್ನು ಇಳಿಸುವುದು ಮಾಸ್‌ಫೆಟ್‌ಗಳು, ವೇಗವಾಗಿ ಆನ್-ಆಫ್ ಆಗುವ ಸಣ್ಣ ಸ್ವಿಚ್‌ಗಳು. ಅವನ ಕಾರ್ಡಿನಲ್ಲಿ 12 ವೋಲ್ಟ್ ಕಡೆಯ ಮಾಸ್‌ಫೆಟ್ ಶಾರ್ಟ್ ಆಗಿ 12 ವೋಲ್ಟ್ ನೇರ ಚಿಪ್ಪಿಗೇ ನುಗ್ಗಿತ್ತು. ಮಾಸ್‌ಫೆಟ್ ಬದಲಾಯಿಸಿದರೂ ಚಿಪ್ ಸತ್ತಿದ್ದು ಸತ್ತಿದ್ದೇ. ಅದೇ ಚಿಪ್ ಬೇರೆ ಸತ್ತ ಬೋರ್ಡಿನಿಂದ ತೆಗೆದು ಕೂರಿಸಬಹುದು, ಆದರೆ ಆ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಕಾರ್ಡೇ ಸಿಗುತ್ತದೆ. ಅಂಗಡಿಯವರು ಚೆಕಿಂಗ್ ಚಾರ್ಜ್ ಮಾತ್ರ ತಗೊಂಡು ವಾಪಸ್ ಕೊಟ್ಟರು. ಆಗಲ್ಲ ಅಂತ ನೇರವಾಗಿ ಹೇಳುವವರ ಮೇಲೆ ನನಗೆ ನಂಬಿಕೆ ಜಾಸ್ತಿ.

ಇನ್ನು ಅವನ್, ಅಂದರೆ ಕಾರ್ಡನ್ನು ಓವನ್‌ನಲ್ಲಿ ಬಿಸಿ ಮಾಡಿ ಬದುಕಿಸಲು ನೋಡುವುದು. ಯೂಟ್ಯೂಬ್ ತುಂಬಾ ಇದೇ. ತಮ್ಮನ ಕಾರ್ಡಿನಲ್ಲಿ ಸುಟ್ಟ ಗುರುತು ಇರಲಿಲ್ಲ, ಪರದೆ ಮೇಲೆ ಬಣ್ಣಬಣ್ಣದ ಗೆರೆ ಬರುತ್ತಿತ್ತು. ಅಡುಗೆಗೆ ಬಳಸದ ಹಳೇ ಅವನ್‌ನಲ್ಲಿ ಸುಮಾರು 200 ಡಿಗ್ರಿಗೆ ಇಟ್ಟೆವು. ಗೆರೆ ಹೋಯಿತು, ಸ್ವಲ್ಪ ದಿನಕ್ಕೆ ಮತ್ತೆ ಬಂತು. ಈಗಿನ ಸೀಸವಿಲ್ಲದ ಬೆಸುಗೆ ಕರಗುವುದೇ ಸುಮಾರು 217 ಡಿಗ್ರಿಗೆ. ಅಂದಮೇಲೆ ನಾವು ಹೊಸದಾಗಿ ಬೆಸೆದಿದ್ದೇನೂ ಇಲ್ಲ. ಬಿಸಿಗೆ ಚಿಪ್ಪಿನ ಒಳಗಿನ ಬಿಟ್ಟುಹೋದ ಜೋಡಣೆ ಒಂದಿಷ್ಟು ಕಾಲ ತಾಗುತ್ತದೆ, ಅಷ್ಟೇ. ನಿಜವಾಗಿ ಸುಟ್ಟ ಭಾಗಕ್ಕಂತೂ ಇದು ಏನೂ ಮಾಡಲ್ಲ. ದಯವಿಟ್ಟು ಅಡುಗೆ ಅವನ್‌ನಲ್ಲಿ ಇಡಬೇಡಿ, ಪ್ಲಾಸ್ಟಿಕ್ಕು, ಬೆಸುಗೆಗೆ ಹಚ್ಚುವ ಫ್ಲಕ್ಸು ಎಲ್ಲ ಹೊಗೆಯಾಡುತ್ತದೆ.

ಹಾಗಾಗಿ ವಾರಂಟಿ ಇಲ್ಲದ ಸುಟ್ಟ ಕಾರ್ಡಿಗೆ ನನ್ನ ಓಟು ಚಿಪ್ ಲೆವೆಲ್ ಅಂಗಡಿಗೇ. ಕೊಡುವ ಮೊದಲು "ಯಾವ ಲೈನ್ ಶಾರ್ಟ್ ಇದೆ, ಕೋರ್ (ಮುಖ್ಯ ಚಿಪ್) ಸರಿ ಇದೆಯಾ?" ಅಂತ ಕೇಳಿ. ಮೀಟರ್ ಹಿಡಿದು ಉತ್ತರ ಕೊಟ್ಟರೆ ಧೈರ್ಯವಾಗಿ ಬಿಡಿ. "ಹೀಟ್ ಕೊಟ್ಟು ನೋಡ್ತೀವಿ" ಅಂದರೆ ಕಾರ್ಡ್ ಎತ್ತಿಕೊಂಡು ಬನ್ನಿ. ರಿಪೇರಿ ಖರ್ಚು ಅದೇ ಮಾಡೆಲ್‌ನ ಸೆಕೆಂಡ್ ಹ್ಯಾಂಡ್ ಬೆಲೆಯ ಅರ್ಧ ದಾಟಿದರೆ ನಾನಂತೂ ಮಾಡಿಸಲ್ಲ. ಸರಿ ಆದ ಮೇಲೆ ಅಂಗಡಿಯಲ್ಲೇ ಅರ್ಧ ಗಂಟೆ ಫರ್‌ಮಾರ್ಕ್ (ಕಾರ್ಡಿಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಸಾಫ್ಟ್‌ವೇರ್) ಓಡಿಸಿ ನೋಡಿ. ಮನೆಗೆ ತಂದು ಹಾಕುವ ಮೊದಲು ಹಳೇ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಪರೀಕ್ಷೆ ಮಾಡಿಸಿ. ಮದರ್‌ಬೋರ್ಡ್ ಸ್ಲಾಟಿನಿಂದ 75 ವ್ಯಾಟ್, 8 ಪಿನ್‌ನಿಂದ 150 ವ್ಯಾಟ್ ತನಕ ಎಳೆಯುವ ಕಾರ್ಡಿಗೆ ಅಗ್ಗದ ಎಸ್‌ಎಂಪಿಎಸ್, ಅದರ ಮೇಲೊಂದು ಬೇರೆ ಪಿನ್ನನ್ನು 8 ಪಿನ್ ಮಾಡುವ ಕನ್ವರ್ಟರ್ ಕೇಬಲ್ ಹಾಕಿದರೆ ರಿಪೇರಿ ಆದ ಕಾರ್ಡೂ ಉಳಿಯುವುದು ಕಷ್ಟ.