ಜೇಸನ್ ಸಾಕೇ, ಪ್ರೋಟೊಬಫ್ ಬೇಕೇ?

ಒಂದು ಪ್ರೋಗ್ರಾಂನ ದತ್ತಾಂಶವನ್ನು ಇನ್ನೊಂದಕ್ಕೆ ಕಳಿಸಲು ಅಥವಾ ಉಳಿಸಿಡಲು ಒಂದು ರೂಪ ಬೇಕು; ಜೇಸನ್ (JSON) ಪಠ್ಯ ರೂಪ, ಪ್ರೋಟೊಬಫ್ (Protobuf) ಬೈನರಿ ರೂಪ. ಕಣ್ಣಿಂದಲೇ ಓದುವ ಸುಖ ಜೇಸನ್‌ನದು. ದೋಷ ಹುಡುಕುವಾಗ ಲಾಗ್ (ಪ್ರೋಗ್ರಾಂ ಬರೆದಿಟ್ಟ ದಾಖಲೆ) ತೆರೆದರೆ ಸಾಕು, ಎಲ್ಲವೂ ಕಣ್ಣೆದುರೇ ಇರುತ್ತದೆ. ಆದರೆ ದೊಡ್ಡ ಪೂರ್ಣಾಂಕಗಳ ಬಗ್ಗೆ ಎಚ್ಚರವಿರಲಿ: 9007199254740993 ಎಂದು ಕಳಿಸಿದರೆ ಜಾವಾಸ್ಕ್ರಿಪ್ಟ್ ಸಾಮಾನ್ಯವಾಗಿ ಅದನ್ನು ...992 ಎಂದು ಓದುತ್ತದೆ, ದೂರನ್ನೂ ಹೇಳುವುದಿಲ್ಲ. ಗುರುತಿನ ಸಂಖ್ಯೆಗಳನ್ನು ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿ ಕಳಿಸುವುದೇ ಕ್ಷೇಮ.

2008ರಲ್ಲಿ ಗೂಗಲ್ ಮುಕ್ತಗೊಳಿಸಿದ ಪ್ರೋಟೊಬಫ್ ಮಿತವ್ಯಯಿ. 150 ಎಂಬ ಸಂಖ್ಯೆಗೆ, ಒಂದೇ ಅಕ್ಷರದ ಹೆಸರಿಟ್ಟರೂ ಜೇಸನ್ ಒಂಬತ್ತು ಬೈಟ್ ತಿನ್ನುತ್ತದೆ. ಪ್ರೋಟೊಬಫ್ ಮೂರರಲ್ಲಿ ಮುಗಿಸುತ್ತದೆ. ಹೆಸರಿನ ಬದಲು ಕ್ಷೇತ್ರದ (ದತ್ತಾಂಶದ ಒಂದೊಂದು ಅಂಶದ) ಸಂಖ್ಯೆ ಮಾತ್ರ ಹೋಗುವುದೇ ಗುಟ್ಟು. ತೊಡಕೂ ಅಲ್ಲಿಯೇ: ಅಳಿಸಿದ ಕ್ಷೇತ್ರದ ಸಂಖ್ಯೆಯನ್ನು ಮತ್ತೊಂದಕ್ಕೆ ಕೊಟ್ಟರೆ ಹಳೆಯ ದತ್ತಾಂಶಕ್ಕೆ ಹೊಸ ಅರ್ಥ ಅಂಟಿಕೊಳ್ಳುತ್ತದೆ. ಸ್ಕೀಮಾ, ಅಂದರೆ ಯಾವ ಸಂಖ್ಯೆ ಯಾವ ಕ್ಷೇತ್ರದ್ದು ಎಂಬ ಪಟ್ಟಿ, ಕಾಯುವ ಶಿಸ್ತು ತಂಡದಲ್ಲಿ ಇಲ್ಲದಿದ್ದರೆ ನಾನು ಜೇಸನ್ ಅನ್ನೇ ಆರಿಸುತ್ತೇನೆ.

ಸ್ಕೀಮಾ ಬೇಡ, ಗಾತ್ರ ಇಳಿದರೆ ಸಾಕು ಎನ್ನುವವರಿಗೆ ಮೆಸೇಜ್‌ಪ್ಯಾಕ್ ಎಂಬ ಬೈನರಿ ರೂಪ ಇದೆ. ಪೈಥಾನ್ ಭಾಷೆಯದೇ ರೂಪವಾದ ಪಿಕಲ್ ಅನ್ನು ಹೊರಗಿನಿಂದ ಬಂದ ದತ್ತಾಂಶಕ್ಕೆ ಮುಟ್ಟಲೇಬೇಡಿ. ಓದುವಾಗಲೇ ಯಾರದೋ ಕೋಡ್ ಓಡಬಲ್ಲದು.

ಇಂಥ ರೂಪವನ್ನು ಬರೆದು ಓದುವ ಸ್ವಂತ ಲೈಬ್ರರಿ ಕಟ್ಟುವ ಹುಮ್ಮಸ್ಸೇ? ಬರೆಯುವ ಭಾಗ ಸಲೀಸು. ಓದುವ ಭಾಗವೇ ಬೆವರಿಳಿಸುತ್ತದೆ. ಎದುರಿನವರು ‘ಮುಂದೆ ನಾಲ್ಕು ಜಿಬಿ ಸ್ಟ್ರಿಂಗ್ ಇದೆ’ ಎಂದರೆ ಅದನ್ನು ನಂಬಿ ಮೆಮೊರಿ ಕಾದಿರಿಸಬಾರದು. ಉಳಿದಿರುವ ಬೈಟ್‌ಗಳನ್ನು ಮೊದಲು ಎಣಿಸಿ, ಒಂದರೊಳಗೊಂದು ಸೇರುವ ಆಳಕ್ಕೂ ಮಿತಿ ಹಾಕಿ.