ಎರಡು ಸ್ವಿಚ್ ಇದ್ದೂ ಸ್ಟೋರೇಜ್ ಕೈಕೊಟ್ಟಿತು: ನಿಮ್ಮ ಕೇಬಲ್ ಒಮ್ಮೆ ನೋಡಿಕೊಳ್ಳಿ

ಎರಡು ಕಂಟ್ರೋಲರ್‌ನ ಸ್ಟೋರೇಜನ್ನು (ಕಂಟ್ರೋಲರ್ ಎಂದರೆ ಅದರೊಳಗೆ ಡಿಸ್ಕುಗಳನ್ನು ನಡೆಸುವ ಘಟಕ) ಎರಡು ನೆಟ್‌ವರ್ಕ್ ಸ್ವಿಚ್‌ಗೆ ಜೋಡಿಸಿಕೊಂಡಿರುವವರು ದಯವಿಟ್ಟು ಇದನ್ನು ಓದಿ, ಆಮೇಲೆ ರ‍್ಯಾಕಿನ ಹಿಂಬದಿಗೆ ಹೋಗಿ ನೋಡಿ ಬನ್ನಿ.

ನಮ್ಮದು ಐಸ್ಕಜಿ (iSCSI, ನೆಟ್‌ವರ್ಕ್ ಮೂಲಕ ಸರ್ವರುಗಳಿಗೆ ಡಿಸ್ಕ್ ಒದಗಿಸುವ ವಿಧಾನ) ಸ್ಟೋರೇಜ್. ಮೇಲಿನ ಕಂಟ್ರೋಲರ್ ಎ, ಕೆಳಗಿನದು ಬಿ, ಒಂದೊಂದಕ್ಕೂ ಎರಡೆರಡು ಪೋರ್ಟ್. ಅಳವಡಿಸಿದವರು ಎ ಕಂಟ್ರೋಲರಿನ ಎರಡೂ ಕೇಬಲ್‌ಗಳನ್ನು ಮೇಲಿನ ಸ್ವಿಚ್‌ಗೆ, ಬಿ ಕಂಟ್ರೋಲರಿನ ಎರಡನ್ನೂ ಕೆಳಗಿನದಕ್ಕೆ ಹಾಕಿದ್ದರು. ಒಂದು ಕೇಬಲೂ ಇನ್ನೊಂದನ್ನು ದಾಟುತ್ತಿರಲಿಲ್ಲ. ನೋಡಲು ಬಲು ಚೆಂದ. ದೀಪಗಳೆಲ್ಲ ಹಸಿರು, ಸರ್ವರಿನಲ್ಲಿ ಮಲ್ಟಿಪಾತ್ (ಒಂದೇ ಡಿಸ್ಕನ್ನು ಹಲವು ದಾರಿಗಳಿಂದ ತಲುಪುವ ವ್ಯವಸ್ಥೆ) ನೋಡಿದರೆ ಪ್ರತಿ ಡಿಸ್ಕಿಗೂ ನಾಲ್ಕು ಪಾತ್. ನಾನೇ ಒಪ್ಪಿ ಸಹಿ ಹಾಕಿದೆ. ಸ್ವಿಚ್‌ಗಳೆರಡರ ನಡುವೆ ಲಿಂಕ್ ಇದ್ದದ್ದರಿಂದ ಆ ನಾಲ್ಕರಲ್ಲಿ ಎರಡು ಇನ್ನೊಂದು ಸ್ವಿಚ್ಚಿನ ಮೂಲಕ ಸುತ್ತುಬಳಸಿ ಬರುತ್ತಿವೆ ಎಂಬುದು ಎಲ್ಲೂ ಕಾಣಲಿಲ್ಲ.

ಒಂದು ದಿನ ಮೇಲಿನ ಸ್ವಿಚ್ ಸತ್ತಿತು. ಕೆಲಸ ನಿಲ್ಲಲಿಲ್ಲ. ಬದಲಿ ಸ್ವಿಚ್ ಬರಲಿ ಎಂದು ಸುಮ್ಮನಿದ್ದೆವು. ಆಗ ಮಲ್ಟಿಪಾತ್ ತೋರಿಸುತ್ತಿದ್ದದ್ದು ಒಂದೇ ಪಾತ್; ಬಿ ಕಡೆಯ ಇನ್ನೊಂದು ಸತ್ತ ಸ್ವಿಚ್ಚನ್ನು ಸುತ್ತಿಯೇ ಬರುತ್ತಿತ್ತು. ಸರಿಯಾಗಿ ಕೇಬಲ್ ಹಾಕಿದ್ದರೆ ಎರಡು ಉಳಿಯಬೇಕಿತ್ತು, ಎ ಕಡೆಗೊಂದು, ಬಿ ಕಡೆಗೊಂದು. ಅದು ಕಣ್ಣೆದುರೇ ಇತ್ತು, ನಾವು ಎಣಿಸಲಿಲ್ಲ.

ಬದಲಿ ಬರುವ ಮೊದಲೇ ಒಂದು ರಾತ್ರಿ ಬಿ ತಾನಾಗಿ ರೀಸ್ಟಾರ್ಟ್ ಆಯಿತು. ಎ ತನ್ನ ಕೆಲಸ ಮಾಡಿತು, ಎಲ್ಲ ವಾಲ್ಯೂಮುಗಳನ್ನೂ (ಸರ್ವರಿಗೆ ಡಿಸ್ಕಿನಂತೆ ಕಾಣುವ ಭಾಗಗಳು) ವಹಿಸಿಕೊಂಡಿತು. ಆದರೆ ಅದನ್ನು ತಲುಪಲು ಸರ್ವರುಗಳಿಗೆ ದಾರಿಯೇ ಇರಲಿಲ್ಲ. ಲಿನಕ್ಸ್ ಮೆಷಿನ್ನುಗಳ ಫೈಲ್ ಸಿಸ್ಟಮುಗಳು ಒಂದರ ಹಿಂದೊಂದು ರೀಡ್ ಓನ್ಲಿಗೆ (ಓದಬಹುದು, ಬರೆಯಲಾಗದು) ತಿರುಗಿದವು, ಡೇಟಾಬೇಸ್ ಬಿತ್ತು. ಟಾರ್ಚ್ ಹಿಡಿದು ರ‍್ಯಾಕಿನ ಹಿಂದೆ ನಿಂತು ಎ ಕಂಟ್ರೋಲರಿನ ಕೇಬಲ್ ಮೇಲೆ ಬೆರಳಿಟ್ಟು ಎಳೆಯುತ್ತಾ ಹೋದೆ. ಎರಡೂ ಹೋಗಿ ನಿಂತದ್ದು ದೀಪ ಆರಿದ ಸ್ವಿಚ್ಚಿನಲ್ಲಿ. ಕೆಳಗಿನ ಸ್ವಿಚ್ಚಿನಿಂದ ಬಿ ಕಂಟ್ರೋಲರಿನ ಎರಡನೇ ಪೋರ್ಟಿನ ಕೇಬಲ್ ಕಿತ್ತು, ಎ ಕಂಟ್ರೋಲರಿನ ಎರಡನೆಯದನ್ನು ಅಲ್ಲಿಗೆ ಹಾಕಿದಾಗ ಪಾತ್ ಮರಳಿತು. ಡೇಟಾಬೇಸ್ ಸರಿಮಾಡುವಷ್ಟರಲ್ಲಿ ಬೆಳಗಾಗಿತ್ತು.

ಆದ್ದರಿಂದ, ಪ್ರತಿ ಕಂಟ್ರೋಲರಿನ ಒಂದು ಕೇಬಲ್ ಒಂದು ಸ್ವಿಚ್‌ಗೆ, ಇನ್ನೊಂದು ಮತ್ತೊಂದಕ್ಕೆ ಹೋಗಲೇಬೇಕು. ಕೇಬಲ್‌ಗಳು ಒಂದನ್ನೊಂದು ದಾಟಲಿ ಬಿಡಿ. ಲೇಬಲ್ ನಂಬಬೇಡಿ. ಯಾವ ಪೋರ್ಟಿನಲ್ಲಿ ಯಾವ ಕಂಟ್ರೋಲರ್ ಇದೆ ಎಂದು ಸ್ವಿಚ್ಚಿನ ಮ್ಯಾಕ್ ಅಡ್ರೆಸ್ ಪಟ್ಟಿಯನ್ನೇ ಕೇಳಿ. ಬಳಕೆಗೆ ಬಿಡುವ ಮುಂಚೆ ಒಂದು ಸ್ವಿಚ್ಚಿನ ಪವರ್ ತೆಗೆದು, ಅದು ಆಫ್ ಇರುವಾಗಲೇ ಎರಡೂ ಕಂಟ್ರೋಲರುಗಳನ್ನು ಒಂದಾದ ಮೇಲೊಂದು ರೀಸ್ಟಾರ್ಟ್ ಮಾಡಿ, ಪಾತ್ ಎಣಿಸಿ. ಆಮೇಲೆ ಇನ್ನೊಂದು ಸ್ವಿಚ್‌ಗೂ ಅದೇ. ಸ್ವಿಚ್ ಮಾತ್ರ ಆಫ್ ಮಾಡಿ ನೋಡಿದ್ದರೆ ನಮ್ಮ ತಪ್ಪು ಜೋಡಣೆಯೂ ಪಾಸಾಗುತ್ತಿತ್ತು! ಲಿನಕ್ಸಿನಲ್ಲಿ ಐಸ್ಕಜಿಯ ರಿಪ್ಲೇಸ್‌ಮೆಂಟ್ ಟೈಮ್‌ಔಟ್ (ಕಡಿದ ಸಂಪರ್ಕ ಮರಳಲಿ ಎಂದು ಕಾಯುವ ಅವಧಿ) ಮೊದಲಿಗೆ 120 ಸೆಕೆಂಡ್ ಇರುತ್ತದೆ. ಮಲ್ಟಿಪಾತ್ ಇದ್ದಲ್ಲಿ 5ರ ಸುತ್ತ ಇಳಿಸಿ, ಇಲ್ಲದಿದ್ದರೆ ಪಾತ್ ಬದಲಾಗುವಷ್ಟರಲ್ಲಿ ಎರಡು ನಿಮಿಷ ಎಲ್ಲ ಸ್ತಬ್ಧ. ಎರಡೂ ಸ್ವಿಚ್ ಒಂದೇ ಪವರ್ ಸ್ಟ್ರಿಪ್ಪಿನಲ್ಲಿಲ್ಲ ಎಂಬುದನ್ನೂ ನೋಡಿ.

ಹೊಸ ಸ್ವಿಚ್ ಬಂದ ಮೇಲೆ ನೋಡಿದರೆ, ಮೊದಲಿನ ಜೋಡಣೆಯಲ್ಲಿ ನಾವು ಜಾಗ ಬದಲಿಸಬೇಕಾಗಿದ್ದದ್ದು ನಾಲ್ಕರಲ್ಲಿ ಎರಡೇ ಕೇಬಲ್: ಎ ಕಂಟ್ರೋಲರಿನ ಎರಡನೆಯದು, ಬಿ ಕಂಟ್ರೋಲರಿನ ಮೊದಲನೆಯದು.